ಕಾರ್ಡಿನಿಯ ಕೈಗವಸು: ವೇದಿಕೆಯ ಕೈಚಳಕದಲ್ಲಿ ಯಾರು ದೊಡ್ಡವರು?

(ಬೆಂಗಳೂರಿನ ಬಸವನಗುಡಿಯಲ್ಲಿ ಜಾದೂ ಆಸಕ್ತರ ಮುಂದೆ ಮಾಡಿದ ಭಾಷಣದ ಬರಹ ರೂಪ. ಓದಿಗೆ ಒಗ್ಗುವಂತೆ ಅಲ್ಲಲ್ಲಿ ತಿದ್ದಿದ್ದೇನೆ. ಸಭಿಕರು ಕೇಳಿದ ಕೆಲವು ಪ್ರಶ್ನೆಗಳು ಕೊನೆಯಲ್ಲಿವೆ.)

ಎಲ್ಲರಿಗೂ ನಮಸ್ಕಾರ.

ಜಾದೂ ಹುಚ್ಚು ಹತ್ತಿದ ನಾಲ್ಕು ಜನ ಒಂದು ಕಡೆ ಸೇರಿದರೆ ಒಂದು ಜಗಳ ಶುರುವಾಗಿಯೇ ಆಗುತ್ತದೆ. ಗಾಂಧಿ ಬಜಾರಿನಲ್ಲಿ ಬೈಟು ಕಾಫಿ ಮುಗಿದು, ಇನ್ನೊಂದು ಬೈಟು ಬಂದು, ಹೋಟೆಲಿನವರು ಶಟರ್ ಎಳೆಯುವವರೆಗೂ ನಡೆಯುವ ಜಗಳ. ವೇದಿಕೆಯ ಕೈಚಳಕದಲ್ಲಿ ಎಲ್ಲರಿಗಿಂತ ದೊಡ್ಡವರು ಯಾರು? ಹಿರಿಯರು ಕಾರ್ಡಿನಿ ಅನ್ನುತ್ತಾರೆ. ನಡುವಯಸ್ಸಿನವರು ಫ್ರೆಡ್ ಕ್ಯಾಪ್ಸ್ ಅಥವಾ ಚಾನಿಂಗ್ ಪೊಲಾಕ್ ಹೆಸರು ತೆಗೆಯುತ್ತಾರೆ. ಹುಡುಗರು ಮಾತೇ ಆಡುವುದಿಲ್ಲ, ಫೋನ್ ತೆಗೆದು ಕೊರಿಯಾದ ಯೂ ಹೋ-ಜಿನ್ ಅವರ ವಿಡಿಯೊ ಮುಂದೆ ಹಿಡಿಯುತ್ತಾರೆ.

ನನಗೆ ಈ ಜಗಳ ತುಂಬಾ ಇಷ್ಟ. ಯಾರು ದೊಡ್ಡವರು ಎಂದು ಹೇಳಬೇಕಾದರೆ ಈ ಕಲೆಯಲ್ಲಿ ಯಾವುದು ಮುಖ್ಯ ಎಂದು ಮೊದಲು ಬಾಯಿ ಬಿಡಬೇಕಾಗುತ್ತದೆ. ‘ಎಲ್ಲರೂ ಅವರವರ ಮಟ್ಟಿಗೆ ದೊಡ್ಡವರೇ ಬಿಡಿ’ ಎಂದು ಸುಮ್ನೆ ಜಾರಿಕೊಳ್ಳುವಂತಿಲ್ಲ. ನಾನೂ ಜಾರಿಕೊಳ್ಳುವುದಿಲ್ಲ. ನನ್ನ ಮತ ಕಾರ್ಡಿನಿಗೆ. ಯಾಕೆ ಅನ್ನುವುದನ್ನು ಹೇಳಲಿಕ್ಕೇ ಇಲ್ಲಿ ನಿಂತಿದ್ದೇನೆ.

ಮೊದಲು ಒಂದು ಗೆರೆ ಹಾಕಿಕೊಳ್ಳೋಣ. ಜಾದೂ ಎಂದರೆ ನಮ್ಮಲ್ಲಿ ಹೆಚ್ಚಿನವರಿಗೆ ಪಿ.ಸಿ. ಸರ್ಕಾರ್ ನೆನಪಾಗುತ್ತಾರೆ. 1956ರಲ್ಲಿ ಬಿಬಿಸಿ ಟಿವಿಯಲ್ಲಿ ಅವರು ಹುಡುಗಿಯೊಬ್ಬಳನ್ನು ಗರಗಸದಲ್ಲಿ ಕೊಯ್ದದ್ದನ್ನು ನೋಡಿ ಇಂಗ್ಲೆಂಡಿನ ಜನ ಗಾಬರಿಬಿದ್ದು ಬಿಬಿಸಿಗೆ ಫೋನ್ ಮೇಲೆ ಫೋನ್ ಮಾಡಿದ್ದರು. ಅದು ಮಹಾ ಪ್ರದರ್ಶನ, ಅದರಲ್ಲಿ ಎರಡು ಮಾತಿಲ್ಲ. ಆದರೆ ಅಲ್ಲಿ ಯಂತ್ರ ಇದೆ, ಪೆಟ್ಟಿಗೆ ಇದೆ, ಜೊತೆಗಾರರ ತಂಡ ಇದೆ. ನಾನು ಮಾತಾಡುತ್ತಿರುವುದು ಮ್ಯಾನಿಪ್ಯುಲೇಟರ್‌ಗಳ ಬಗ್ಗೆ. ಅವರ ಬಳಿ ಇರುವುದು ಎರಡು ಕೈ, ಕೈಯಲ್ಲಿ ಹಿಡಿಯುವಷ್ಟು ಚಿಕ್ಕ ವಸ್ತು. ಇಸ್ಪೀಟೆಲೆ, ನಾಣ್ಯ, ಚೆಂಡು, ಸಿಗರೇಟು, ಹೊಲಿಯುವಾಗ ಬೆರಳಿಗೆ ಹಾಕುವ ಅಂಗುಷ್ಠಾನ. ಎದುರಿಗೆ ನಲವತ್ತು ಅಡಿ ದೂರದಲ್ಲಿ ಕೊನೆಯ ಸಾಲು. ಹೆಚ್ಚಾಗಿ ಮಾತೂ ಇರುವುದಿಲ್ಲ, ಬರೀ ಸಂಗೀತ.

ಇದು ಎಷ್ಟು ಕಷ್ಟ ಎನ್ನುವುದು ಗೊತ್ತಾಗಬೇಕಾದರೆ ಒಂದೇ ಒಂದು ಪಟ್ಟನ್ನು ಹತ್ತಿರದಿಂದ ನೋಡಬೇಕು. ಅದರ ಹೆಸರು ಬ್ಯಾಕ್ ಪಾಮ್. ನೂರು ವರ್ಷಕ್ಕೂ ಮೇಲ್ಪಟ್ಟು ಪುಸ್ತಕಗಳಲ್ಲಿ ಅಚ್ಚಾಗಿರುವ ಪಟ್ಟು ಇದು, ಹಾಗಾಗಿ ಗುಟ್ಟು ಬಿಟ್ಟುಕೊಟ್ಟ ಹಾಗಾಗುವುದಿಲ್ಲ. ಇಸ್ಪೀಟೆಲೆ ಸುಮಾರು 63 ಮಿಲಿಮೀಟರ್ ಅಗಲ, 88 ಮಿಲಿಮೀಟರ್ ಉದ್ದ. ಅದನ್ನು ಬೆರಳುಗಳ ಹಿಂಬದಿಗೆ ತಂದು ನಿಲ್ಲಿಸಬೇಕು. ಒಂದು ಬದಿಯ ಮೂಲೆ ತೋರುಬೆರಳು ಮತ್ತು ನಡುಬೆರಳಿನ ಸಂದಿಯಲ್ಲಿ, ಇನ್ನೊಂದು ಬದಿಯ ಮೂಲೆ ಉಂಗುರಬೆರಳು ಮತ್ತು ಕಿರುಬೆರಳಿನ ಸಂದಿಯಲ್ಲಿ. ಮುಂದಿನಿಂದ ನೋಡುವವರಿಗೆ ಅಂಗೈ ಪೂರ್ತಿ ಖಾಲಿ. ಇಷ್ಟು ಮಾತ್ರ ಆಗಿದ್ದರೆ ಯಾರು ಬೇಕಾದರೂ ಒಂದು ವಾರದಲ್ಲಿ ಕಲಿಯಬಹುದು. ನಿಜವಾದ ಕಷ್ಟ ಕೈಯನ್ನು ತಿರುಗಿಸಿ ಹಿಂಬದಿಯನ್ನೂ ತೋರಿಸುವಾಗ ಬರುತ್ತದೆ. ಕೈ ತಿರುಗುವ ಅರೆಗಳಿಗೆಯಲ್ಲಿ ಎಲೆ ಬೆರಳುಗಳ ನಡುವೆ ಮಗುಚಿ ಅಂಗೈ ಕಡೆಗೆ ಬಂದುಬಿಡಬೇಕು. ಹೆಬ್ಬೆರಳು ಸಹಾಯಕ್ಕೆ ಬರುವಂತಿಲ್ಲ. ಬೆರಳಿನ ಗೆಣ್ಣು ಒಂಚೂರು ಮಡಚಿದರೂ ಕೊನೆಯ ಸಾಲಿನವರಿಗೆ ಗೊತ್ತಾಗುತ್ತದೆ. ಒಂದು ಎಲೆಯಲ್ಲಿ ಇದು ಬಂದ ಮೇಲೆ ಒಂದು ಕಟ್ಟು ಎಲೆಯಲ್ಲಿ ಬರಬೇಕು. ಆ ಕಟ್ಟಿನಿಂದ ಒಂದೊಂದೇ ಎಲೆ ಬೆರಳ ತುದಿಗೆ ಬರಬೇಕು, ಉಳಿದವು ಅಲ್ಲಾಡಬಾರದು. ಇದಕ್ಕೆ ವರ್ಷಗಳು ಬೇಕು.

19ನೇ ಶತಮಾನದ ಕೊನೆಗೆ ಅಮೆರಿಕದಲ್ಲಿ ಈ ಪಟ್ಟಿಗೆ ಜನ ದುಡ್ಡು ಕೊಟ್ಟು ಟಿಕೆಟ್ ಕೊಂಡರು. ಹೊವರ್ಡ್ ಥರ್ಸ್ಟನ್ ಇಸ್ಪೀಟೆಲೆಗಳ ರಾಜ ಎನ್ನಿಸಿಕೊಂಡರು, ಆಮೇಲೆ ದೊಡ್ಡ ಪೆಟ್ಟಿಗೆಗಳ ಜಾದೂ ಕಡೆ ಹೋದರು. ನಾಣ್ಯಗಳ ರಾಜ ಎನ್ನಿಸಿಕೊಂಡವರು ಟಿ. ನೆಲ್ಸನ್ ಡೌನ್ಸ್. ಅಯೊವಾ ರಾಜ್ಯದ ಮಾರ್ಷಲ್‌ಟೌನ್‌ನವರು, ರೈಲ್ವೆಯಲ್ಲಿ ಟೆಲಿಗ್ರಾಫ್ ಕೆಲಸ ಮಾಡಿಕೊಂಡಿದ್ದವರು. ರಾತ್ರಿ ಪಾಳಿಯಲ್ಲಿ ಕೂತು ಒಬ್ಬರೇ ನಾಣ್ಯ ಹೊರಳಿಸುವುದಕ್ಕೆ ಅದಕ್ಕಿಂತ ಒಳ್ಳೆಯ ಕೆಲಸ ಇರಲಾರದು ಅಂತ ನನಗೆ ಅನ್ನಿಸುತ್ತದೆ. ಗಾಳಿಯಲ್ಲಿ ಕೈಯಾಡಿಸಿ ಒಂದೊಂದೇ ನಾಣ್ಯ ಹಿಡಿದು ಟೋಪಿಗೆ ಟಣ್ ಎಂದು ಹಾಕುತ್ತಾ ಹೋಗುವ ಆಟ, ಅದನ್ನು ‘ಜಿಪುಣನ ಕನಸು’ ಎನ್ನುತ್ತಾರೆ. ಅದನ್ನು ಇಡೀ ಪ್ರದರ್ಶನವಾಗಿ ಬೆಳೆಸಿದವರು ಅವರು. 1899ರಲ್ಲಿ ಲಂಡನ್ನಿನ ಪ್ಯಾಲೆಸ್ ಥಿಯೇಟರಿನಲ್ಲಿ ಅದೇ ಆಟ ಆಡಿ ಗೆದ್ದರು.

ಆಗಿನ ಅಳತೆಗೋಲು ಸುಲಭ ಇತ್ತು. ಒಂದು ಕೈಯಲ್ಲಿ ಎಷ್ಟು ನಾಣ್ಯ ಅಡಗಿಸಬಲ್ಲಿರಿ? ಎಷ್ಟು ಎಲೆ? ಎಷ್ಟು ಬೇಗ? ಇವತ್ತಿಗೂ ನಮ್ಮ ಹುಡುಗರಲ್ಲಿ ಹಲವರು ಇದೇ ಅಳತೆಗೋಲು ಹಿಡಿದು ಓಡಾಡುತ್ತಾರೆ. ನನಗೆ ಅದು ಸಾಲದು ಅನ್ನಿಸುತ್ತದೆ. ಕಷ್ಟ ಅನ್ನುವುದು ಮಾಡುವವರಿಗೆ ಸೇರಿದ್ದು. ನೋಡುವವರಿಗೆ ಕಷ್ಟ ಕಾಣಿಸಿತು ಎಂದರೆ ಜಾದೂ ಅಲ್ಲಿಗೆ ಮುಗಿಯಿತು. ‘ಎಂಥಾ ಕೈ!’ ಅನ್ನುತ್ತಾರೆ, ಚಪ್ಪಾಳೆ ಹೊಡೆಯುತ್ತಾರೆ, ಆದರೆ ಅವರ ಮುಂದೆ ನಡೆದದ್ದು ಜಾದೂ ಅಂತ ಅವರಿಗೆ ಅನ್ನಿಸಿರುವುದಿಲ್ಲ.

ಈಗ ಕಾರ್ಡಿನಿ.

ನಿಜವಾದ ಹೆಸರು ರಿಚರ್ಡ್ ವ್ಯಾಲೆಂಟೈನ್ ಪಿಚ್‌ಫರ್ಡ್. 1895ರಲ್ಲಿ ವೇಲ್ಸ್‌ನ ಮಂಬಲ್ಸ್ ಎಂಬ ಊರಿನಲ್ಲಿ ಹುಟ್ಟಿದರು, 1973ರಲ್ಲಿ ತೀರಿಕೊಂಡರು. ಮೊದಲ ಮಹಾಯುದ್ಧದಲ್ಲಿ ಸಿಪಾಯಿ. ಕಂದಕದಲ್ಲಿ ಚಳಿ ತಡೆಯಲಾರದೆ ಕೈಗವಸು ಹಾಕಿಕೊಂಡೇ ಇಸ್ಪೀಟೆಲೆಯ ಅಭ್ಯಾಸ ಮಾಡಿದರು ಎಂದು ಅವರ ಬಗ್ಗೆ ಬರೆದವರೆಲ್ಲ ಹೇಳುತ್ತಾರೆ. ಈ ಕೈಗವಸಿನ ವಿಷಯವನ್ನು ಜನ ಕೇಳಿ ‘ಅಬ್ಬಾ’ ಎಂದು ಮುಂದೆ ಹೋಗುತ್ತಾರೆ. ಸ್ವಲ್ಪ ನಿಂತು ಯೋಚಿಸಿ. ಎಲೆಗಳ ಕಟ್ಟನ್ನು ಬೀಸಣಿಗೆಯಂತೆ ಬಿಡಿಸುವಾಗ ಒಂದು ಎಲೆಯಿಂದ ಇನ್ನೊಂದನ್ನು ಬೇರೆ ಮಾಡುವುದು ಬೆರಳ ತುದಿಯ ಚರ್ಮ. ಅದರ ಹಿಡಿತ, ಅದರ ತೇವ. ಕಟ್ಟಿನಲ್ಲಿ ಇನ್ನು ಎಷ್ಟು ಎಲೆ ಉಳಿದಿದೆ ಎಂದು ಲೆಕ್ಕ ಕೊಡುವುದೂ ಅದೇ ಚರ್ಮ. ಕೈಗವಸು ಹಾಕಿದರೆ ಇವೆರಡೂ ಹೋದವು. ಹಿಡಿತವೂ ಇಲ್ಲ, ಸ್ಪರ್ಶವೂ ಇಲ್ಲ. ಅಂಥ ಕೈಯಿಂದ ಅವರು ಬೀಸಣಿಗೆ ಮೇಲೆ ಬೀಸಣಿಗೆ ತೆಗೆದರು.

ಆದರೆ ನನ್ನ ಮತ ಅವರಿಗೆ ಹೋಗುವುದು ಕೈಗವಸು ಹಾಕಿ ಮಾಡಿದರು ಅನ್ನುವುದಕ್ಕಲ್ಲ. ಕೈಗವಸು ಯಾಕೆ ಹಾಕಿದರು ಅನ್ನುವುದಕ್ಕೆ.

ಅವರ ಆಟವನ್ನು ನೋಡದವರಿಗಾಗಿ ಹೇಳುತ್ತೇನೆ. ಒಬ್ಬ ಸಾಹೇಬ ವೇದಿಕೆಗೆ ಬರುತ್ತಾನೆ. ರಾತ್ರಿಯ ಪಾರ್ಟಿ ಮುಗಿಸಿಕೊಂಡು ಬಂದವನು. ಎತ್ತರದ ಟೋಪಿ, ಮೇಲಂಗಿ, ಬಿಳಿ ಕೈಗವಸು, ಒಂದು ಕಣ್ಣಿಗೆ ಮಾನೊಕಲ್, ಅಂದರೆ ಒಂಟಿ ಗಾಜಿನ ಕನ್ನಡಕ. ಸ್ವಲ್ಪ ಜಾಸ್ತಿಯೇ ಕುಡಿದಿದ್ದಾನೆ, ಆದರೆ ಮರ್ಯಾದಸ್ಥ, ತೂರಾಡುವುದಿಲ್ಲ. ಹೋಟೆಲಿನ ಹುಡುಗನ ವೇಷದಲ್ಲಿ ಇನ್ನೊಬ್ಬರು ಬರುತ್ತಾರೆ. ಅವರು ಕಾರ್ಡಿನಿಯ ಹೆಂಡತಿ ಸ್ವಾನ್. ಆ ಸಾಹೇಬನ ಕೈಗೆ ಇದ್ದಕ್ಕಿದ್ದಂತೆ ಇಸ್ಪೀಟೆಲೆಗಳು ಬರುತ್ತವೆ. ಅವನಿಗೇ ಆಶ್ಚರ್ಯ. ಬಿಸಾಕುತ್ತಾನೆ. ಮತ್ತೆ ಬರುತ್ತವೆ. ಮತ್ತೆ ಬಿಸಾಕುತ್ತಾನೆ. ಬೆರಗಾಗಿ ಕಣ್ಣರಳಿಸಿದಾಗ ಮಾನೊಕಲ್ ಜಾರಿ ಬೀಳುತ್ತದೆ. ಆಮೇಲೆ ಉರಿಯುವ ಸಿಗರೇಟುಗಳು ಶುರು. ಒಂದನ್ನು ಎಸೆದರೆ ಇನ್ನೊಂದು ಬೆರಳಲ್ಲಿ. ನಡುವೆ ಬಿಲಿಯರ್ಡ್ಸ್ ಚೆಂಡುಗಳು ಬೆರಳ ಸಂದಿಗಳಲ್ಲಿ ಹುಟ್ಟುತ್ತವೆ, ಮಾಯವಾಗುತ್ತವೆ. ಪಾಪ, ಆ ಮನುಷ್ಯ ಏನನ್ನೂ ಮಾಡುತ್ತಿಲ್ಲ. ಅವನಿಗೆ ಇದೆಲ್ಲ ಆಗುತ್ತಿದೆ ಅಷ್ಟೆ.

ಫ್ರಾನ್ಸಿನ ರಾಬರ್ಟ್-ಹೂಡ್ಯಾಂ, ಆಧುನಿಕ ಜಾದೂವಿನ ಪಿತಾಮಹ ಎಂದು ಕರೆಸಿಕೊಳ್ಳುವವರು, 19ನೇ ಶತಮಾನದಲ್ಲೇ ಹೇಳಿದ್ದರು: ಜಾದೂಗಾರ ಎಂದರೆ ಜಾದೂಗಾರನ ಪಾತ್ರ ಮಾಡುವ ನಟ. ಒಳ್ಳೆಯ ಮಾತು. ಕಾರ್ಡಿನಿ ಅದನ್ನೂ ದಾಟಿ ಹೋದರು. ಅವರು ಜಾದೂಗಾರನ ಪಾತ್ರವನ್ನೇ ಬಿಟ್ಟರು. ಜಾದೂ ಯಾರ ಮೈಮೇಲೆ ಬಂದು ಬೀಳುತ್ತದೋ ಆ ಮನುಷ್ಯನ ಪಾತ್ರ ಮಾಡಿದರು. ಇದರಿಂದ ಏನಾಯಿತು ನೋಡಿ. ಕೈಗವಸಿಗೆ ಕಾರಣ ಸಿಕ್ಕಿತು, ಪಾರ್ಟಿಯಿಂದ ಬಂದ ಸಾಹೇಬ ಕೈಗವಸು ಹಾಕಿಯೇ ಇರುತ್ತಾನೆ. ಎಲೆಗಳನ್ನು ಬಿಸಾಡುವುದಕ್ಕೆ ಕಾರಣ ಸಿಕ್ಕಿತು, ಬೇಡದ ವಸ್ತು ಕೈಗೆ ಬಂದರೆ ಯಾರಾದರೂ ಬಿಸಾಡುತ್ತಾರೆ. ಕೈ ಸ್ವಲ್ಪ ತಡವರಿಸಿದರೂ ಪರವಾಗಿಲ್ಲ, ಕುಡಿದವನ ಕೈ ತಡವರಿಸಲೇಬೇಕು. ಪ್ರತಿಯೊಂದು ಚಲನೆಯೂ ಆ ಮನುಷ್ಯನ ಸ್ವಭಾವದಿಂದಲೇ ಹುಟ್ಟುತ್ತದೆ. ಕೈಚಳಕಕ್ಕೆ ಅಡಗಿಕೊಳ್ಳಲು ಇದಕ್ಕಿಂತ ಒಳ್ಳೆಯ ಜಾಗ ಯಾವುದಿದೆ? ನೋಡುವವರ ಕಣ್ಣು ಕೈಯ ಮೇಲೆ ನಿಲ್ಲುವುದೇ ಇಲ್ಲ. ಮುಖದ ಮೇಲೆ ನಿಲ್ಲುತ್ತದೆ. ಇವನು ಮುಂದೇನು ಮಾಡುತ್ತಾನೆ ಪಾಪ ಎಂದು ಕಾಯುತ್ತಾರೆ.

ನಮ್ಮ ಪುಣ್ಯಕ್ಕೆ ಈ ಆಟ ಉಳಿದಿದೆ. 1957ರಲ್ಲಿ ಅಮೆರಿಕದ ಎನ್‌ಬಿಸಿ ಟಿವಿ ಜಾದೂಗಾರರನ್ನೇ ಸೇರಿಸಿ ಒಂದು ಕಾರ್ಯಕ್ರಮ ಮಾಡಿತು. ಕಾರ್ಡಿನಿ ಅದರಲ್ಲಿ ತಮ್ಮ ಆಟ ಆಡಿದರು. ಆಗ ಅವರಿಗೆ 61 ವರ್ಷ. ಆ ವಯಸ್ಸಿನ ಕೈ ಅದು ಎಂದು ನೋಡಿದವರು ನಂಬುವುದು ಕಷ್ಟ. ನೀವು ಅದನ್ನು ನೋಡುವುದಾದರೆ ಎರಡು ಸಲ ನೋಡಿ. ಮೊದಲ ಸಲ ಸುಮ್ನೆ ನೋಡಿ. ಎರಡನೇ ಸಲ ಸ್ವಾನ್ ಅವರನ್ನೇ ನೋಡಿ. ಎಷ್ಟು ಕಡಿಮೆ ಮಾಡುತ್ತಾರೆ, ಎಷ್ಟು ಸರಿಯಾದ ಹೊತ್ತಿಗೆ ಮಾಡುತ್ತಾರೆ. ಈ ಚರ್ಚೆಗಳಲ್ಲಿ ಅವರ ಹೆಸರು ಯಾರೂ ಎತ್ತುವುದಿಲ್ಲ ಎನ್ನುವುದು ನನಗೆ ಬೇಸರದ ವಿಷಯ.

ಕಾರ್ಡಿನಿಗೆ ಎದುರಾಗಿ ಬರುವ ಹೆಸರುಗಳಲ್ಲಿ ನಿಜವಾಗಿ ತೂಕದ್ದು ಫ್ರೆಡ್ ಕ್ಯಾಪ್ಸ್. ಡಚ್ಚರು, 1926ರಿಂದ 1980. ಜಾದೂ ಸಂಘಗಳ ಅಂತರರಾಷ್ಟ್ರೀಯ ಒಕ್ಕೂಟ ಫಿಸ್ಮ್ ನಡೆಸುವ ವಿಶ್ವ ಸ್ಪರ್ಧೆಯ ಅತಿ ದೊಡ್ಡ ಬಹುಮಾನ ಗ್ರ್ಯಾಂಡ್ ಪ್ರಿಯನ್ನು ಮೂರು ಸಲ ಗೆದ್ದವರು ಅವರೊಬ್ಬರೇ: 1950, 1955, 1961. ಎಲೆ, ನಾಣ್ಯ, ಕೋಲು, ಹಗ್ಗ, ಯಾವುದು ಕೊಟ್ಟರೂ ಅವರ ಕೈಯಲ್ಲಿ ಕೊಳಕಾಗುತ್ತಿರಲಿಲ್ಲ. 1964ರ ಫೆಬ್ರವರಿ 9ರಂದು ಎಡ್ ಸಲಿವನ್ ಟಿವಿ ಕಾರ್ಯಕ್ರಮದಲ್ಲಿ ಬೀಟಲ್ಸ್ ಮೊದಲ ಸಲ ಅಮೆರಿಕಕ್ಕೆ ಕಾಣಿಸಿಕೊಂಡರು. ಸುಮಾರು 7 ಕೋಟಿ 30 ಲಕ್ಷ ಜನ ನೋಡಿದ ಕಾರ್ಯಕ್ರಮ. ಬೀಟಲ್ಸ್ ಮೊದಲ ಹಾಡುಗಳನ್ನು ಹಾಡಿ ಹೋದ ಮೇಲೆ, ಹುಡುಗಿಯರ ಕಿರುಚಾಟದ ಬೆನ್ನಿಗೆ ಬಂದದ್ದು ಫ್ರೆಡ್ ಕ್ಯಾಪ್ಸ್ ಅವರ ಆಟ. ಎಂಥಾ ಜಾಗ ಅದು! ಬೇರೆ ಯಾರೇ ಆಗಿದ್ದರೂ ಕೊಚ್ಚಿಕೊಂಡು ಹೋಗುತ್ತಿದ್ದರು.

ಅವರ ಉಪ್ಪಿನ ಆಟ ನಿಮಗೆ ಗೊತ್ತಿರಬಹುದು. ಉಪ್ಪಿನ ಡಬ್ಬಿಯಿಂದ ಮುಷ್ಟಿಗೆ ಒಂಚೂರು ಉಪ್ಪು ಹಾಕುತ್ತಾರೆ. ಉಪ್ಪು ಮಾಯ. ಮತ್ತೆ ಮುಷ್ಟಿಯಿಂದ ಉಪ್ಪು ಸುರಿಯಲು ಶುರುವಾಗುತ್ತದೆ. ಸುರಿಯುತ್ತದೆ, ಸುರಿಯುತ್ತಲೇ ಇರುತ್ತದೆ. ಅವರು ಮುಗಿಸೋಣ ಅಂತ ಕಾಯುತ್ತಾರೆ, ಉಪ್ಪು ಮುಗಿಯುತ್ತಿಲ್ಲ. ಮುಖದಲ್ಲಿ ಮುಜುಗರ. ವಾದ್ಯದವರು ಮುಗಿಸುವ ಸ್ವರ ಹಿಡಿದು ಕಾಯುತ್ತಾರೆ. ಜನ ನಕ್ಕು ನಕ್ಕು ಸುಸ್ತಾಗುತ್ತಾರೆ.

ಕ್ಯಾಪ್ಸ್ ಪರ ವಾದ ಮಾಡುವವರಿಗೆ ನಾನು ಕೇಳುವುದು ಇಷ್ಟೇ. ಅವರ ಆಟಗಳಲ್ಲಿ ಜನ ಇವತ್ತಿಗೂ ಎದೆಗೆ ಹಚ್ಚಿಕೊಂಡಿರುವುದು ಯಾವುದು? ಈ ಉಪ್ಪು. ಇಲ್ಲಿ ಕ್ಯಾಪ್ಸ್ ಏನು ಮಾಡುತ್ತಿದ್ದಾರೆ? ಕಾರ್ಡಿನಿ ಮಾಡಿದ್ದನ್ನೇ. ಜಾದೂ ಅವರ ಕೈ ಮೀರಿದೆ, ಅವರು ಅದರ ಮುಂದೆ ಒಬ್ಬ ಮನುಷ್ಯ. ಕ್ಯಾಪ್ಸ್ ಈ ಬಾಗಿಲಿಂದ ಒಳಗೆ ಹೋಗಿ ಬಂದರು. ಕಾರ್ಡಿನಿ ಆ ಮನೆಯಲ್ಲೇ ಇದ್ದರು. ಕೈಗಳ ವಿಸ್ತಾರದಲ್ಲಿ ಕ್ಯಾಪ್ಸ್ ಮೇಲು ಎಂದು ಒಪ್ಪುತ್ತೇನೆ. ವೇದಿಕೆಯ ಮ್ಯಾನಿಪ್ಯುಲೇಷನ್ ಅನ್ನುವ ಒಂದೇ ಅಂಗಳದಲ್ಲಿ ನಿಲ್ಲಿಸಿದರೆ ಕೂದಲೆಳೆಯಷ್ಟು ಹಿಂದೆ.

ಚಾನಿಂಗ್ ಪೊಲಾಕ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ಗಾಳಿಯಿಂದ, ರೇಷ್ಮೆ ಕರವಸ್ತ್ರದಿಂದ ಬಿಳಿ ಪಾರಿವಾಳ ತೆಗೆಯುವ ಆಟಕ್ಕೆ ಅವರು ಕೊಟ್ಟ ಚೆಂದ ಬೇರೆ ಯಾರೂ ಕೊಡಲಿಲ್ಲ. 1959ರ ಒಂದು ಇಟಾಲಿಯನ್ ಚಿತ್ರದಲ್ಲಿ ಆ ಆಟ ಕಾಣಿಸಿಕೊಂಡ ಮೇಲೆ ಲೋಕದ ತುಂಬ ಪಾರಿವಾಳದವರು ಹುಟ್ಟಿಕೊಂಡರು. ಪೊಲಾಕ್ ಸಿನಿಮಾ ನಟನೆಗೆ ಹೋದರು. ಅವರ ಗತ್ತನ್ನು ನಕಲು ಮಾಡಿದವರು ಮುಖ ಬಿಗಿದುಕೊಂಡು ನಿಂತರು, ಅಷ್ಟೇ. ಹಕ್ಕಿಯನ್ನು ಕೋಟಿನೊಳಗೆ ತುಂಬುವ ಆಟ ನನಗೆ ಈಗೀಗ ನೋಡಲಾಗುವುದೂ ಇಲ್ಲ.

ನನ್ನ ಮತವನ್ನು ನಿಜವಾಗಿ ಅಲ್ಲಾಡಿಸುವ ಹೆಸರು ಬೇರೆ ಇದೆ. ರೆನೆ ಲವಾಂಡ್, ಅರ್ಜೆಂಟೀನಾದವರು. 1928ರಲ್ಲಿ ಹುಟ್ಟಿದರು, 2015ರಲ್ಲಿ ತೀರಿಕೊಂಡರು. ಒಂಬತ್ತನೇ ವಯಸ್ಸಿನಲ್ಲಿ ಕಾರು ಹರಿದು ಬಲಗೈ ಹೋಯಿತು. ಇಸ್ಪೀಟೆಲೆಯ ಪುಸ್ತಕಗಳೆಲ್ಲ ಎರಡು ಕೈ ಇರುವವರಿಗೆ ಬರೆದವು. ಅವರಿಗೆ ಅದರಲ್ಲಿ ಯಾವುದೂ ಉಪಯೋಗಕ್ಕಿಲ್ಲ. ಎಡಗೈ ಒಂದಕ್ಕೇ ಸರಿಹೊಂದುವ ಪಟ್ಟುಗಳನ್ನು ತಾವೇ ಕಟ್ಟಿಕೊಂಡರು. ಮೇಜಿನ ಮೇಲೆ ಮೂರು ಬ್ರೆಡ್ ಚೂರು, ಒಂದು ಬಟ್ಟಲು. ಒಂದು ಚೂರು ಬಟ್ಟಲಿಗೆ, ಇನ್ನೊಂದು ಬಟ್ಟಲಿಗೆ, ಮೂರನೆಯದನ್ನು ದೂರ ಎಸೆದರು. ಬಟ್ಟಲು ಬಗ್ಗಿಸಿದರೆ ಮೂರು. ಮತ್ತೆ ಎಸೆದರು. ಮತ್ತೆ ಮೂರು. ಪ್ರತಿ ಸಲವೂ ಇನ್ನಷ್ಟು ನಿಧಾನ. ಅವರ ಪ್ರಸಿದ್ಧ ಮಾತು: ಇದಕ್ಕಿಂತ ನಿಧಾನವಾಗಿ ಮಾಡಲಿಕ್ಕೆ ಆಗುವುದಿಲ್ಲ. ಸ್ವಲ್ಪ ತಡೆದು, ಅಥವಾ ಆಗಬಹುದೇನೋ ಅನ್ನುತ್ತಾರೆ. ಮತ್ತೆ ಇನ್ನೂ ನಿಧಾನವಾಗಿ ಮಾಡುತ್ತಾರೆ.

ಚಾಮರಾಜಪೇಟೆಯ ರಾಮನವಮಿ ಕಛೇರಿಗಳಿಗೆ ಹೋಗುವವರು ಇಲ್ಲಿ ಹಲವರು ಇದ್ದೀರಿ. ಬಿರುಸಿನ ಸ್ವರಪ್ರಸ್ತಾರಕ್ಕೆ ಚಪ್ಪಾಳೆ ಬೀಳುತ್ತದೆ. ಆದರೆ ಗಾಯಕರ ಹೊಟ್ಟೆಯಲ್ಲಿ ಎಷ್ಟು ಸಂಗೀತ ಇದೆ ಎಂದು ತಿಳಿಯುವುದು ವಿಳಂಬ ಕಾಲದ ಕೃತಿಯಲ್ಲಿ. ಅಲ್ಲಿ ಅಡಗಿಕೊಳ್ಳಲು ಜಾಗ ಇಲ್ಲ. ಲವಾಂಡ್ ಇಡೀ ಜೀವನ ವಿಳಂಬದಲ್ಲೇ ಹಾಡಿದವರು. ಕೈ ಕಣ್ಣಿಗಿಂತ ಬೇಗ ಎಂಬ ಹಳೇ ಮಾತನ್ನು ಒಬ್ಬರೇ ಸುಳ್ಳು ಮಾಡಿ ತೋರಿಸಿದರು. ಅವರ ಆಟ ಹೆಚ್ಚಾಗಿ ಮೇಜಿನ ಮೇಲಿನದು, ಹತ್ತಿರದಿಂದ ನೋಡಬೇಕಾದ್ದು. ಹಾಗಾಗಿ ನಾನು ಮೊದಲು ಹಾಕಿದ ಗೆರೆಯ ಆಚೆ ಉಳಿಯುತ್ತಾರೆ. ಆ ಗೆರೆ ಇಲ್ಲದಿದ್ದರೆ ನನ್ನ ಮತ ಅವರಿಗೆ ಹೋಗುತ್ತಿತ್ತೇನೋ.

ಹೊಸಬರಲ್ಲಿ ಯೂ ಹೋ-ಜಿನ್. 1992ರಲ್ಲಿ ಹುಟ್ಟಿದವರು, 2012ರಲ್ಲಿ ಇಂಗ್ಲೆಂಡಿನ ಬ್ಲ್ಯಾಕ್‌ಪೂಲ್‌ನಲ್ಲಿ ಫಿಸ್ಮ್ ಗ್ರ್ಯಾಂಡ್ ಪ್ರಿ ಗೆದ್ದರು. ಕೈಯ ಶುದ್ಧತೆಯಲ್ಲಿ ಅವರನ್ನು ಮೀರಿಸಿದವರನ್ನು ನಾನು ಕಂಡಿಲ್ಲ. ಬರೀ ಎಲೆಗಳಲ್ಲಿ ಅಷ್ಟು ಮೌನ, ಅಷ್ಟು ಬಣ್ಣ. ಎಲೆ ಕಾಣಿಸಿಕೊಳ್ಳುವುದರಲ್ಲಿ ಗದ್ದಲವೇ ಇಲ್ಲ, ಮಂಜಿನೊಳಗಿಂದ ಮೂಡಿದ ಹಾಗೆ ಮೂಡುತ್ತದೆ. ಇಪ್ಪತ್ತರ ಹರೆಯದಲ್ಲಿ ಇಷ್ಟು ಮಾಡಿದವರು ಅರವತ್ತಕ್ಕೆ ಏನು ಮಾಡುತ್ತಾರೋ, ಈ ಜಗಳವನ್ನು ಆಗ ಮತ್ತೆ ಆಡಬೇಕಾಗಬಹುದು.

ಈ ಪಟ್ಟಿಗಳಲ್ಲಿ ಹೆಂಗಸರ ಹೆಸರು ಕಾಣಿಸುವುದೇ ಅಪರೂಪ, ಅಲ್ವಾ? ಬೆಲ್ಜಿಯಂನ ಸೂಜಿ ವಾಂಡಾಸ್ 1896ರಲ್ಲಿ ಹುಟ್ಟಿದವರು. ನಾಣ್ಯ, ಸಿಗರೇಟು, ಅಂಗುಷ್ಠಾನ ಹಿಡಿದು ಕಾರ್ಡಿನಿ ಕಾಲದಲ್ಲೇ ಯುರೋಪಿನ ವೇದಿಕೆಗಳಲ್ಲಿ ಮೆರೆದರು. ಕಿನ್ನರಿಯ ಬೆರಳಿನವರು ಎಂದು ಅವರನ್ನು ಕರೆಯುತ್ತಿದ್ದರು. ಫಿಸ್ಮ್‌ನ ಮ್ಯಾನಿಪ್ಯುಲೇಷನ್ ವಿಭಾಗದಲ್ಲಿ ಮೊದಲ ಬಹುಮಾನ ಒಬ್ಬ ಹೆಣ್ಣುಮಗಳಿಗೆ ಬಂದದ್ದು 1997ರಲ್ಲಿ, ಚೀನಾ ಮೂಲದ ಜೂಲಿಯಾನಾ ಚೆನ್ ಅವರಿಗೆ. ಅಷ್ಟು ತಡ ಯಾಕಾಯಿತು ಎಂದರೆ ಕೈಯ ಗಾತ್ರ ಅನ್ನುತ್ತಾರೆ ಕೆಲವರು. ಆ ಮಾತನ್ನು ನಾನು ಒಪ್ಪುವುದಿಲ್ಲ. ಮ್ಯಾನಿಪ್ಯುಲೇಟರ್‌ಗಳ ಇಡೀ ವೇಷ, ತೋಳಿನ ಕೋಟು, ಜೇಬು, ಅಭ್ಯಾಸದ ಪುಸ್ತಕ, ಎಲ್ಲವೂ ಗಂಡಸಿನ ಉಡುಪನ್ನು ಮನಸ್ಸಿನಲ್ಲಿಟ್ಟುಕೊಂಡು ಬೆಳೆದವು. ಕಾರಣ ಅಲ್ಲಿದೆ.

ಈಗ ನಮ್ಮವರ ಮಾತಿಗೆ ಬರುತ್ತೇನೆ. ಇದನ್ನು ಹೇಳದೆ ನಾನು ಇಳಿಯುವಂತಿಲ್ಲ.

ಇಲ್ಲಿಯವರೆಗೆ ಹೇಳಿದ ಎಲ್ಲರಿಗೂ ಒಂದು ಅನುಕೂಲ ಇತ್ತು. ವೇದಿಕೆ. ನೋಡುವವರು ಮುಂದೆ ಮಾತ್ರ ಇರುತ್ತಾರೆ. ಹಿಂದೆ ಪರದೆ. ಕೋಟಿಗೆ ಉದ್ದ ತೋಳು. ಬೆಳಕು ಎಲ್ಲಿ ಬೀಳಬೇಕು ಎಂದು ಹೇಳುವ ಅಧಿಕಾರ. ನಮ್ಮ ಸಂತೆ, ಜಾತ್ರೆ, ಪರಿಷೆಗಳಲ್ಲಿ ಬಟ್ಟಲು-ಗೋಲಿ ಆಟ ಆಡುವವರನ್ನು ನೆನೆಸಿಕೊಳ್ಳಿ. ನೆಲದ ಮೇಲೆ ಕೂತಿರುತ್ತಾರೆ. ಸುತ್ತ ಜನ. ಹಿಂದೆಯೂ ಜನ. ಮಕ್ಕಳಂತೂ ಮೊಣಕಾಲಿಗೆ ತಾಗುವಷ್ಟು ಹತ್ತಿರ. ಮಟಮಟ ಮಧ್ಯಾಹ್ನದ ಬಿಸಿಲು. ಮೊಣಕೈವರೆಗೆ ಬರಿಗೈ. ಬಟ್ಟಲಿನ ತಲೆಯ ಮೇಲೆ ಒಂದು ಚಿಕ್ಕ ಗುಬುಟು ಇರುತ್ತದೆ. ಅದನ್ನು ಎರಡು ಬೆರಳ ಸಂದಿಯಲ್ಲಿ ಹಿಡಿದು ಎತ್ತುತ್ತಾರೆ. ಹಾಗಾಗಿ ಉಳಿದ ಬೆರಳುಗಳು ಬಿಡುವಾಗಿರುತ್ತವೆ. ಆ ಬಿಡುವಿನ ಬೆರಳುಗಳಲ್ಲೇ ಎಲ್ಲ ಇದೆ. ಬಟ್ಟೆಯ ಉಂಡೆ ಒಂದು ಬಟ್ಟಲಿಂದ ಇನ್ನೊಂದಕ್ಕೆ ಹೋಗುತ್ತದೆ, ಕೊನೆಗೆ ಉಂಡೆ ಇದ್ದ ಜಾಗದಲ್ಲಿ ನಿಂಬೆಹಣ್ಣು ಕೂತಿರುತ್ತದೆ. ಇಷ್ಟರ ನಡುವೆ ಬಾಯಿ ಒಂದು ನಿಮಿಷ ಸುಮ್ಮನಿರುವುದಿಲ್ಲ. ಯಾರೋ ದಾರಿಹೋಕನನ್ನು ಕರೆಯುತ್ತಾರೆ, ಮಗುವನ್ನು ರೇಗಿಸುತ್ತಾರೆ, ಬೆದರಿಸುತ್ತಾರೆ, ಜನ ನಗುತ್ತಾರೆ. ಆ ನಗುವಿನಲ್ಲಿ ಕೈ ಕೆಲಸ ಮಾಡಿ ಮುಗಿಸಿರುತ್ತದೆ.

ನಮ್ಮ ರಾಜ್ಯದ ಸುಡುಗಾಡು ಸಿದ್ಧರು ತಲೆಮಾರುಗಳಿಂದ ಊರೂರು ಅಲೆಯುತ್ತಾ ಕೈಚಳಕ ತೋರಿಸಿಕೊಂಡು ಬಂದವರು. ಅವರ ಮನೆಯ ಮಗು ಕನ್ನಡಿ ಮುಂದೆ ನಿಂತು ಅಭ್ಯಾಸ ಮಾಡುವುದಿಲ್ಲ, ಅಪ್ಪನ ಪಕ್ಕದಲ್ಲಿ ಕೂತು, ಜನರ ಕಣ್ಣು ಯಾವಾಗ ಎಲ್ಲಿ ಹೋಗುತ್ತದೆ ಎಂದು ನೋಡಿ ಕಲಿಯುತ್ತದೆ. ಕೋನಗಳ ಲೆಕ್ಕದಲ್ಲಿ ಹೇಳುವುದಾದರೆ ಇವರ ಕೆಲಸ ಕಾರ್ಡಿನಿಯದ್ದಕ್ಕಿಂತ ಕಷ್ಟದ್ದು.

ಹಾಗಾದರೆ ಇವರಲ್ಲಿ ಯಾರು ದೊಡ್ಡವರು? ಹೆಸರು ಹೇಳಲಾರೆವು, ಯಾರೂ ಬರೆದಿಡಲಿಲ್ಲ. 1957ರಲ್ಲಿ ಕಾರ್ಡಿನಿಯ ಮುಂದೆ ಕ್ಯಾಮೆರಾ ಇತ್ತು. ನಮ್ಮ ಬೀದಿಯವರಿಗೆ ಸಿಕ್ಕಿದ್ದು ಕಾನೂನು. 1959ರ ಬಾಂಬೆ ಭಿಕ್ಷಾಟನೆ ತಡೆ ಕಾಯ್ದೆಯಲ್ಲಿ ಹಾಡುವುದು, ಕುಣಿಯುವುದು, ಭವಿಷ್ಯ ಹೇಳುವುದು, ಆಟ ತೋರಿಸುವುದು, ಇವುಗಳ ನೆಪದಲ್ಲಿ ಸಾರ್ವಜನಿಕ ಜಾಗದಲ್ಲಿ ಕಾಸು ಕೇಳುವುದನ್ನೂ ಭಿಕ್ಷೆ ಎಂದೇ ಬರೆದರು. ಬೇರೆ ಬೇರೆ ಕಡೆ ಅದೇ ಜಾಡಿನ ಕಾಯ್ದೆಗಳು ಬಂದವು. ಆಟ ಮುಗಿಸಿ ಟವಲು ಹಾಸಿ ಕಾಸು ಕೇಳಿದರೆ ಅಪರಾಧ ಎನ್ನುವ ಕಡೆ ಕಲಾವಿದರ ಹೆಸರು ಹೇಗೆ ಉಳಿಯುತ್ತದೆ? ಈ ವಿಷಯ ಬಂದಾಗಲೆಲ್ಲ ನನಗೆ ಸಿಟ್ಟು ಬರುತ್ತದೆ.

ಬೆಂಗಳೂರಿಗೆ ಸೇರಿದ ಇನ್ನೊಂದು ಮಾತೂ ಇದೆ. ಈ ಬಸವನಗುಡಿ ಎಚ್. ನರಸಿಂಹಯ್ಯನವರ ಊರು. 1976ರಲ್ಲಿ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಗಳಾಗಿದ್ದಾಗ ಅವರು ಪವಾಡಗಳನ್ನು ವೈಜ್ಞಾನಿಕವಾಗಿ ಪರೀಕ್ಷಿಸಲು ಸಮಿತಿ ಮಾಡಿದರು. ಆಮೇಲೆ ನಮ್ಮಲ್ಲಿ ಪವಾಡ ಬಯಲು ಮಾಡುವ ಒಂದು ಗಟ್ಟಿ ಪರಂಪರೆಯೇ ಬೆಳೆಯಿತು. ಶಾಲೆ ಶಾಲೆಗೆ ಹೋಗಿ, ಗಾಳಿಯಿಂದ ಬೂದಿ ತೆಗೆದು, ನೋಡಿ ಮಕ್ಕಳೇ ಇದು ಹೀಗೆ ಎಂದು ಹೇಳಿಕೊಟ್ಟರು. ಅದು ಬೇಕಿತ್ತು, ಈಗಲೂ ಬೇಕು. ಜನರನ್ನು ಸುಲಿಯುವ ಕೈಯನ್ನು ಹಿಡಿದು ತೋರಿಸಲೇಬೇಕು. ಆದರೆ ಅದರಿಂದ ಕೈಚಳಕ ಎಂದರೆ ಬಯಲು ಮಾಡಬೇಕಾದ ವಸ್ತು ಎನ್ನುವ ಅಭ್ಯಾಸವೂ ನಮಗೆ ಅಂಟಿಕೊಂಡಿತು. ಹೇಗೆ ಮಾಡಿದ ಎಂದು ಕೇಳುವುದರಲ್ಲೇ ನಮ್ಮ ನೋಟ ನಿಂತುಬಿಡುತ್ತದೆ. ಎಷ್ಟು ಚೆನ್ನಾಗಿ ಮಾಡಿದ ಎಂದು ಕೇಳುವುದಿಲ್ಲ. ಕಾರ್ಡಿನಿಯ ಎಲೆ ಎಲ್ಲಿಂದ ಬಂತು ಎಂದು ಗೊತ್ತಿದ್ದವರಿಗೂ ಆ ಆಟ ಹಳತಾಗುವುದಿಲ್ಲ. ನನಗೆ ಗೊತ್ತು. ಆದರೂ ಕೂತು ನೋಡುತ್ತೇನೆ.

ಇನ್ನು ಪ್ರಶ್ನೆಗಳು.

ಒಬ್ಬರು ಕೇಳಿದರು: ಇವತ್ತು ರೀಲ್ಸ್‌ನಲ್ಲಿ ಎಲೆಗಳನ್ನು ಗಿರಗಿರ ತಿರುಗಿಸುವ ಹುಡುಗರು ಕಾರ್ಡಿನಿಗಿಂತ ಕಷ್ಟದ್ದು ಮಾಡುತ್ತಾರಲ್ಲ? ಹೌದು, ಮಾಡುತ್ತಾರೆ. ಅದನ್ನು ಕಾರ್ಡಿಸ್ಟ್ರಿ ಅನ್ನುತ್ತಾರೆ, ಅದು ಬೇರೆಯೇ ಕಲೆ. ಅಲ್ಲಿ ಕೈಯ ಕೌಶಲ ಕಾಣಬೇಕು, ಕಾಣುವುದೇ ಅದರ ಸೊಗಸು. ಮ್ಯಾನಿಪ್ಯುಲೇಟರ್‌ಗೆ ಅದು ಕಾಣಬಾರದು. ಇವೆರಡನ್ನೂ ಒಂದೇ ತಕ್ಕಡಿಗೆ ಹಾಕಿದರೆ ಇಬ್ಬರಿಗೂ ಅನ್ಯಾಯ. ಅಷ್ಟಕ್ಕೂ ವಿಡಿಯೊದಲ್ಲಿ ಚೆನ್ನಾಗಿ ಬಂದ ಒಂದು ಟೇಕನ್ನು ಇಟ್ಟುಕೊಳ್ಳಬಹುದು. ವೇದಿಕೆಯಲ್ಲಿ ಒಂದೇ ಟೇಕು.

ಇನ್ನೊಬ್ಬರು: ನಿಮ್ಮ ಲೆಕ್ಕದಲ್ಲಿ ಅಭಿನಯವೇ ದೊಡ್ಡದಾದರೆ, ಒಳ್ಳೆಯ ನಟನಿಗೆ ಸ್ವಲ್ಪ ಕೈಚಳಕ ಕಲಿಸಿದರೆ ಸಾಕಲ್ಲ? ಸಾಲದು. ಕಾರ್ಡಿನಿ ಬೆರಗಾಗುವಾಗ ಅವರ ಕೈ ಆ ವೇದಿಕೆಯ ಮೇಲೆ ಅತ್ಯಂತ ಕಷ್ಟದ ಕೆಲಸ ಮಾಡುತ್ತಿರುತ್ತದೆ. ಮುಖ ಒಂದು ಕಡೆ, ಕೈ ಇನ್ನೊಂದು ಕಡೆ. ಕೈಯ ಮೇಲೆ ಒಂದಿಷ್ಟಾದರೂ ಗಮನ ಬೇಕಾದವರು ಆ ಮುಖ ಮಾಡಲಾರರು. ಕೈಗೆ ಪೂರ್ತಿ ಬಂದ ಮೇಲೆ ಮಾತ್ರ ಮುಖ ಬಿಡುವಾಗುತ್ತದೆ.

ಕೊನೆಗೆ ಮುಂದಿನ ಸಾಲಿನಲ್ಲಿ ಕೂತಿದ್ದ ಒಬ್ಬ ಹೈಸ್ಕೂಲ್ ಹುಡುಗಿ ಕೇಳಿದಳು: ನಾನು ಎಲ್ಲಿಂದ ಶುರು ಮಾಡಲಿ? ಅಮೆರಿಕದ ಪುಸ್ತಕಗಳು ಅರ್ಧ ಡಾಲರ್ ನಾಣ್ಯ ತಗೋ ಅನ್ನುತ್ತವೆ. ಅದು 30.6 ಮಿಲಿಮೀಟರ್ ಅಗಲ, ಇಲ್ಲಿ ಸಿಗುವುದು ಕಷ್ಟ, ನಿನ್ನ ಕೈಗೆ ದೊಡ್ಡದೂ ಆಗಬಹುದು. ನಮ್ಮ ಹತ್ತು ರೂಪಾಯಿ ನಾಣ್ಯ 27 ಮಿಲಿಮೀಟರ್ ಇದೆ, ಹದವಾದ ತೂಕ, ಅದು ಸಾಕು. ಹೆಬ್ಬೆರಳ ಬುಡದ ದಿಂಡಿಗೂ ಎದುರಿನ ಅಂಗೈಯ ಮಾಂಸಕ್ಕೂ ನಡುವೆ ಅದನ್ನು ಕೂರಿಸು. ಬಿಗಿಯಾಗಿ ಒತ್ತಬೇಡ, ಒತ್ತಿದರೆ ಹೆಬ್ಬೆರಳು ಸೆಟೆದುಕೊಂಡು ಗುಟ್ಟು ಹೇಳಿಬಿಡುತ್ತದೆ. ನಾಣ್ಯ ಅಲ್ಲೇ ಇರಲಿ, ಆ ಕೈಯಲ್ಲೇ ನೋಟ್‌ಬುಕ್ ಪುಟ ತಿರುಗಿಸು, ಬ್ಯಾಗಿನ ಜಿಪ್ ಎಳೆ, ನೀರಿನ ಬಾಟಲಿ ಎತ್ತಿ ಕುಡಿ. ಮನೆಯವರು ಆ ಕೈಯನ್ನು ದಿಟ್ಟಿಸಿ ನೋಡುವುದು ನಿಂತ ಮೇಲೆ ಎಡಗೈಗೆ ಶುರು ಮಾಡು.